ಮಲಪ್ರಭೆಯ ದಂಡೆಯ ಕಣಗಿಲೆ ಪತಂಗ

ಲಿಂಗಪೂಜೆಯ ಹರಿವಾಣದಲ್ಲಿ ಬಿಲ್ವಪತ್ರೆಯ ಬದಿಗೆ ಕಣಗಿಲೆಗೆ ಒಂದು ಸ್ಥಾನ ಇದ್ದೇ ಇರುತ್ತದೆ. ಮಲ್ಲಿಗೆಯು ತನ್ನ ಕಾಲ ಬಂದಾಗ ಮಾತ್ರ ಅರಳುವುದು. ಸೇವಂತಿಗೆಗೆ ನೀರು, ಗೊಬ್ಬರ, ಆರೈಕೆ ಬೇಕು. ಕಣಗಿಲೆಯಾದರೋ ವರ್ಷದ ಬಹುಭಾಗ ಹೂ ಬಿಡುವ, ಬರಗಾಲದಲ್ಲಿಯೂ ಹಸಿರಾಗಿರುವ, ಬಡವರ ಹಿತ್ತಲನ್ನೂ ಬಿಟ್ಟುಕೊಡದ ಗಿಡ. ಸಂಸ್ಕೃತದಲ್ಲಿ ಇದನ್ನು ಕರವೀರವೆಂದು ಕರೆಯುತ್ತಾರೆ. ಶಿವನಿಗೆ ಪ್ರಿಯವಾದ ಪುಷ್ಪಗಳಲ್ಲಿ ಇದೂ ಒಂದೆಂಬ ನಂಬಿಕೆ ನಮ್ಮ ಹಿರಿಯರಿಂದ ಬಂದದ್ದು. ಆದರೆ ಈ ಗಿಡವನ್ನೇ ತನ್ನ ತೊಟ್ಟಿಲನ್ನಾಗಿ ಮಾಡಿಕೊಂಡು ಬದುಕುವ ಇನ್ನೊಂದು ಜೀವವಿದೆಯೆಂಬುದನ್ನು ಹೂ ಕೊಯ್ಯುವ ನಮ್ಮಲ್ಲಿ ಅನೇಕರು ಗಮನಿಸಿರುವುದಿಲ್ಲ. ಅಂಗೈಯಗಲದ ರೆಕ್ಕೆಗಳ, ಹಸಿರು ಅಮೃತಶಿಲೆಯಂತಹ ಮೈಯ ಆ ಜೀವವೇ ಕಣಗಿಲೆ ಪತಂಗ. ಅದರ ಪರಿಚಯ ನಮಗಾದದ್ದು ಶ್ರಾವಣ ಮಾಸದಲ್ಲಿ ಬಾದಾಮಿಯಿಂದ ಕೂಡಲಸಂಗಮದವರೆಗೆ ಕೈಗೊಂಡ ಯಾತ್ರೆಯಲ್ಲಿ.

ನದಿಯ ಜೊತೆಗೆ

ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದೊಡ್ಡ ನದಿಗಳ ಸಾಲಿನಲ್ಲಿ ಇದರ ಹೆಸರು ಹಿಂದೆ ಬಿದ್ದರೂ, ಕನ್ನಡ ನಾಡಿನ ಚರಿತ್ರೆ ಈ ನದಿಯ ಎರಡೂ ದಡಗಳಲ್ಲಿ ಬರೆಯಲ್ಪಟ್ಟಿದೆ. ಕೆಂಗಲ್ಲಿನ ಬೆಟ್ಟಗಳ ನಡುವೆ ಚಾಲುಕ್ಯರ ಬಾದಾಮಿ, ನದಿಯ ಮಗ್ಗುಲಿನಲ್ಲಿಯೇ ಪಟ್ಟದಕಲ್ಲು, ಮುಂದೆ ಐಹೊಳೆ, ಕೊನೆಗೆ ಬಸವಣ್ಣನವರ ಐಕ್ಯಸ್ಥಳ. ಹೀಗೆ ಒಂದೇ ನೀರಿನ ದಾರದಲ್ಲಿ ಪೋಣಿಸಿದ ಮಣಿಗಳು ಇವು.

ಬಾದಾಮಿಯಿಂದ ಹೊರಟವರು ಮೊದಲು ಬನಶಂಕರಿಯ ದರ್ಶನ ಪಡೆದು, ಅಲ್ಲಿಂದ ಶಿವಯೋಗಮಂದಿರಕ್ಕೆ ಬಂದೆವು. 1909ರಲ್ಲಿ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಈ ಸಂಸ್ಥೆ ನಾಡಿನ ಎಷ್ಟೋ ಮಠಗಳಿಗೆ ಸ್ವಾಮಿಗಳನ್ನು ಸಿದ್ಧಗೊಳಿಸಿ ಕೊಟ್ಟಿದೆ. ಇಲ್ಲಿಯ ಗೋಶಾಲೆಯನ್ನೂ, ವಿಭೂತಿ ತಯಾರಿಸುವ ಕಾಯಕವನ್ನೂ ಕಾಣದೆ ಹಿಂದಿರುಗುವ ಭಕ್ತರು ವಿರಳ. 1930ರಲ್ಲಿ ಲಿಂಗೈಕ್ಯರಾದ ಪೂಜ್ಯರ ಗದ್ದುಗೆಗೆ ನಮಸ್ಕರಿಸಿ ನದಿಯ ಕಡೆಗೆ ನಡೆದರೆ ಮನಸ್ಸು ತಾನೇ ಮೌನವಾಗುತ್ತದೆ.

ಈ ಪ್ರದೇಶದ ಹಳ್ಳಕೊಳ್ಳಗಳನ್ನು ನೋಡುತ್ತ ಹೋದಂತೆ ಒಂದು ಸಂಗತಿ ತಿಳಿಯುತ್ತದೆ. ಕಣಗಿಲೆ ಮೂಲತಃ ತೋಟದ ಗಿಡವಲ್ಲ. ಅದು ಹಳ್ಳದ ಗಿಡ. ಬೇಸಿಗೆಯಲ್ಲಿ ಬತ್ತಿ ಮಳೆಗಾಲದಲ್ಲಿ ಉಕ್ಕುವ ತೊರೆಗಳ ಮರಳು ಮತ್ತು ಕಲ್ಲುಗಳ ನಡುವೆ ಬೇರು ಇಳಿಸಿ ನಿಲ್ಲುವುದು ಅದರ ಸಹಜ ಸ್ವಭಾವ. ಪ್ರವಾಹ ಬಂದಾಗ ಬಾಗುತ್ತದೆ, ಇಳಿದ ಮೇಲೆ ಮತ್ತೆ ಏಳುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೇ ಹೊಕ್ಕಾಗ ದಂಡೆಯ ಹಳ್ಳಿಗಳು ಪಟ್ಟ ಪಾಡನ್ನು ಇಂದಿಗೂ ಅಲ್ಲಿಯ ಜನ ನೆನೆಯುತ್ತಾರೆ. ಅಂತಹ ನೀರಿಗೂ ಜಗ್ಗದ ಗಿಡವಿದು. ಈಗ ಇದನ್ನು ನಮ್ಮ ಹೆದ್ದಾರಿಗಳ ನಡುವಿನ ಕಟ್ಟೆಗಳಲ್ಲಿಯೂ ಸಾಲಾಗಿ ನೆಡುತ್ತಿದ್ದಾರೆ. ಬಿಸಿಲಿಗೆ ಬಾಡದು, ದನಕರುಗಳು ಮೇಯವು, ಎದುರಿನ ವಾಹನದ ಬೆಳಕನ್ನೂ ತಡೆಯುವುದು ಎಂಬುದು ಅದಕ್ಕೆ ಕಾರಣ.

ಹೂಗಾರರ ತೋಟದಲ್ಲಿ

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷನ ದರ್ಶನ ಮುಗಿಸಿ ಐಹೊಳೆಯ ಕಡೆಗೆ ಹೋಗುವಾಗ, ನದಿಗೆ ಸಮೀಪದ ಒಂದು ಹಳ್ಳಿಯಲ್ಲಿ ಪೂಜೆಗೆ ಹೂವು ಕೊಳ್ಳಲೆಂದು ನಿಂತೆವು. ಊರ ಮನೆಗಳಿಗೆ ದಿನವೂ ಹೂವು ಪತ್ರೆ ಮುಟ್ಟಿಸುವ ಹೂಗಾರರ ಮನೆತನ ಅದು. ಕಲ್ಯಾಣದಲ್ಲಿ ಶರಣರ ಲಿಂಗಾರ್ಚನೆಗೆ ಹೂವು ಒದಗಿಸುತ್ತಿದ್ದ ಹೂಗಾರ ಮಾದಯ್ಯನವರ ಪರಂಪರೆಯನ್ನು ಭಕ್ತಿಯಿಂದ ನೆನೆಯುವ ಜನ. ಮನೆಯ ಹಿಂದೆ ಕೆಂಪು ಮತ್ತು ಬಿಳಿ ಕಣಗಿಲೆಯ ಎರಡು ಸಾಲು, ನಂದಿಬಟ್ಟಲಿನ ನಾಲ್ಕಾರು ಗಿಡ, ಮೂಲೆಯಲ್ಲೊಂದು ಬಿಲ್ವ.

ಮನೆಯ ಹಿರಿಯರು ಕೈಯಲ್ಲಿ ಔಷಧಿ ಹೊಡೆಯುವ ಪಂಪು ಹಿಡಿದು ಚಿಂತೆಯಲ್ಲಿ ನಿಂತಿದ್ದರು. ಮೂರು ನಾಲ್ಕು ಗಿಡಗಳ ತುದಿಗಳಲ್ಲಿ ಎಲೆಯೇ ಇರಲಿಲ್ಲ. ಬರಿಯ ಕಡ್ಡಿಗಳು ನಿಂತಿದ್ದವು. "ನೋಡ್ರಿ ಸರ, ಆಡು ಸುದ್ದಾ ಬಾಯಿ ಹಾಕದ ಗಿಡ ಇದು. ಈ ಹುಳಾ ಮಾತ್ರ ಬಿಟ್ಟಿಲ್ಲ. ಶ್ರಾವಣದಾಗ ಹೂವು ಕಡಿಮಿ ಆತಂದ್ರ ನಾವು ಮನಿಮನಿಗೆ ಏನು ಕೊಡೂದು?" ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ವರ್ಷದ ಆದಾಯದ ಬಹುಪಾಲು ಬರುವುದು ಇದೇ ತಿಂಗಳಿನ ಸೋಮವಾರಗಳಲ್ಲಿ.

ಅವರು ತೋರಿಸಿದ ಕೊಂಬೆಯನ್ನು ನೋಡಿದಾಗ ನಮ್ಮ ಜೊತೆಗಿದ್ದ ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದರು. ಬೆರಳಿನಷ್ಟು ದಪ್ಪ, ಸುಮಾರು ಎಂಟು ಸೆಂಟಿಮೀಟರ್ ಉದ್ದದ ಎಳೆಹಸಿರು ಹುಳು. ಮೈಮೇಲೆ ಕೂದಲಿಲ್ಲ, ಎರಡೂ ಮಗ್ಗುಲಿಗೆ ಬಿಳಿಯ ಗೆರೆ, ಅದರ ಸುತ್ತ ಬಿಳಿಯ ಚುಕ್ಕೆಗಳು, ಹಿಂತುದಿಯಲ್ಲಿ ಹಳದಿ ಬಣ್ಣದ ಒಂದು ಕೊಂಬು. ಕಡ್ಡಿಯಿಂದ ಮೆಲ್ಲನೆ ಮುಟ್ಟಿದೊಡನೆ ಅದು ತಲೆಯನ್ನು ಒಳಕ್ಕೆ ಎಳೆದುಕೊಂಡು ಮೈಯ ಮುಂಭಾಗವನ್ನು ಉಬ್ಬಿಸಿತು. ಆಗ ನೀಲಿ ಬಿಳುಪಿನ ಎರಡು ದೊಡ್ಡ ಕಣ್ಣುಗಳು ನಮ್ಮತ್ತ ಹೊರಳಿದಂತಾಯಿತು. ಅವು ಕಣ್ಣುಗಳಲ್ಲ, ಕಣ್ಣಿನಂತೆ ಕಾಣುವ ಮಚ್ಚೆಗಳು. ಹಕ್ಕಿಯೊಂದು ಕೊಕ್ಕು ಚಾಚಿದಾಗ ಹಾವಿನ ಮುಖ ಕಂಡಂತಾಗಿ ಅದು ಬೆದರಲೆಂದು ಪ್ರಕೃತಿ ಬರೆದ ಚಿತ್ರ. ಹುಳುವಿಗೆ ಕಚ್ಚುವ ಶಕ್ತಿಯಿಲ್ಲ, ಆ ಕೊಂಬು ಚುಚ್ಚುವುದೂ ಇಲ್ಲ.

ಹುಳುವಿನಿಂದ ಪತಂಗಕ್ಕೆ

ಇಂಗ್ಲಿಷಿನಲ್ಲಿ ಹಾಕ್ ಮಾತ್ ಎಂದು ಕರೆಯುವ ಪತಂಗಗಳ ಕುಟುಂಬಕ್ಕೆ ಇದು ಸೇರಿದೆ. ನಾವು ಗಿಡುಗ ಪತಂಗವೆಂದು ಕರೆಯಬಹುದು. ಗಿಡುಗನಂತೆ ಚೂಪಾದ ರೆಕ್ಕೆ, ಬಲವಾದ ಹಾರಾಟ, ಗಾಳಿಯಲ್ಲಿ ಒಂದೆಡೆ ನಿಲ್ಲುವ ಕೌಶಲ ಇವುಗಳ ಲಕ್ಷಣ. ಜಗತ್ತಿನಲ್ಲಿ ಸುಮಾರು 1,500 ಬಗೆಯ ಗಿಡುಗ ಪತಂಗಗಳಿವೆ. ನಮ್ಮ ರೈತರಿಗೆ ಇವುಗಳಲ್ಲಿ ಕೆಲವು ಹೊಸವಲ್ಲ. ಎಳ್ಳಿನ ಹೊಲದಲ್ಲಿ ಎಲೆ ತಿನ್ನುವ ಕೊಂಬಿನ ದಪ್ಪ ಹುಳುವೂ, ಗೆಣಸಿನ ಬಳ್ಳಿಯ ಮೇಲಿನ ಹುಳುವೂ ಇದೇ ಕುಟುಂಬದವು. ಕಣಗಿಲೆ ಪತಂಗಕ್ಕೆ 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಹೆಸರಿಟ್ಟನು. ಇಂದು ಅದರ ಶಾಸ್ತ್ರೀಯ ನಾಮ ಡಾಫ್ನಿಸ್ ನೀರಿಯೈ. ಕಣಗಿಲೆಯ ಶಾಸ್ತ್ರೀಯ ಹೆಸರಾದ ನೀರಿಯಮ್ ಎಂಬುದರಿಂದ ಬಂದದ್ದು.

ತಾಯಿ ಪತಂಗವು ಸಂಜೆಯ ನಂತರ ಗಿಡದಿಂದ ಗಿಡಕ್ಕೆ ಹಾರುತ್ತ ಎಳೆಯ ಎಲೆಗಳ ಮೇಲೆ ಸಾಸಿವೆಕಾಳಿನಷ್ಟು ಗಾತ್ರದ, ತಿಳಿಹಸಿರು ಬಣ್ಣದ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ; ರಾಶಿಯಾಗಿ ಇಡುವುದಿಲ್ಲ. ಕೆಲವು ದಿನಗಳಲ್ಲಿ ಒಡೆದು ಹೊರಬರುವ ಮರಿ ಮೂರು ನಾಲ್ಕು ಮಿಲಿಮೀಟರ್ ಉದ್ದವಿದ್ದು, ಕಪ್ಪು ಕೊಂಬು ಮಾತ್ರ ಮೈಗಿಂತ ದೊಡ್ಡದೋ ಎಂಬಂತೆ ಕಾಣುತ್ತದೆ. ತಿನ್ನುವುದು, ಚರ್ಮ ಕಳಚುವುದು, ಮತ್ತೆ ತಿನ್ನುವುದು; ಬೆಚ್ಚನೆಯ ನಮ್ಮ ಹವೆಯಲ್ಲಿ ಎರಡು ಮೂರು ವಾರಗಳಲ್ಲಿ ಅದು ಪೂರ್ಣ ಬೆಳೆಯುತ್ತದೆ. ಕಣಗಿಲೆಯಲ್ಲದೆ ನಂದಿಬಟ್ಟಲು ಮತ್ತು ಕಾಶಿ ಕಣಗಿಲೆಯ ಎಲೆಗಳೂ ಅದಕ್ಕೆ ಆಹಾರ.

ಬೆಳವಣಿಗೆ ಮುಗಿದಾಗ ಹಸಿರು ಮೈ ಕಂದುಬಣ್ಣಕ್ಕೆ ತಿರುಗುತ್ತದೆ. ಗಿಡದಿಂದ ಇಳಿದು, ಬುಡದ ತರಗೆಲೆಗಳನ್ನು ಕೆಲವು ಎಳೆ ರೇಷ್ಮೆಯಿಂದ ಹೆಣೆದುಕೊಂಡು ಅದರೊಳಗೆ ಕೋಶವಾಗುತ್ತದೆ. ತಿಳಿಕಂದು ಬಣ್ಣದ, ಮಗ್ಗುಲಿಗೆ ಕಪ್ಪು ಚುಕ್ಕೆಗಳುಳ್ಳ ಆ ಕೋಶವನ್ನು ನಾವು ಗಿಡದ ಬುಡ ಕೆದಕುವಾಗ ಕಂಡು ಏನೆಂದು ತಿಳಿಯದೆ ಎಸೆದುಬಿಡುತ್ತೇವೆ. ಎರಡು ಮೂರು ವಾರಗಳಲ್ಲಿ ಕೋಶ ಬಿರಿದು ಪತಂಗ ಹೊರಬರುತ್ತದೆ.

ಆ ಪತಂಗದ ರೂಪವನ್ನು ವರ್ಣಿಸುವುದು ಕಷ್ಟ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಒಂಬತ್ತರಿಂದ ಹನ್ನೊಂದು ಸೆಂಟಿಮೀಟರ್. ಎಲೆಹಸಿರು, ಪಾಚಿಹಸಿರು, ಹಾಲುಬಿಳುಪು, ನಡುವೆ ಗುಲಾಬಿ ಮತ್ತು ನೇರಳೆಯ ಛಾಯೆ. ಹಗಲಲ್ಲಿ ಎಲೆಗಳ ನಡುವೆ ಕುಳಿತರೆ ಕಣ್ಣೆದುರಿಗಿದ್ದರೂ ಕಾಣದು. ಕತ್ತಲಾಗುತ್ತಿದ್ದಂತೆ ಹಾರುವ ಮುನ್ನ ರೆಕ್ಕೆಗಳನ್ನು ನಡುಗಿಸಿ ಮೈಯನ್ನು ಬಿಸಿ ಮಾಡಿಕೊಳ್ಳುತ್ತದೆ. ಬಳಿಕ ಮಲ್ಲಿಗೆ, ಜಾಜಿಯಂತಹ ಪರಿಮಳದ ಹೂಗಳ ಮುಂದೆ ಗಾಳಿಯಲ್ಲಿಯೇ ನಿಂತು, ಸುರುಳಿಯಾಗಿ ಮಡಿಚಿಟ್ಟ ಹೀರುಕೊಳವೆಯನ್ನು ಬಿಚ್ಚಿ ಮಕರಂದ ಹೀರುತ್ತದೆ. ಆಫ್ರಿಕಾ ಮತ್ತು ಮೆಡಿಟರೇನಿಯನ್ ಪ್ರದೇಶದಿಂದ ಬೇಸಿಗೆಯಲ್ಲಿ ಸಮುದ್ರ ದಾಟಿ ಯುರೋಪಿನ ಉತ್ತರದವರೆಗೂ ಹೋಗುವ ಬಲ ಇದರ ರೆಕ್ಕೆಗಳಿಗಿದೆ. ಅಲ್ಲಿಯ ಚಳಿಗಾಲವನ್ನು ಮಾತ್ರ ಅದು ತಾಳಲಾರದು.

ರಾತ್ರಿ ಅರಳುವ ಬಿಳಿಯ, ನೀಳ ಕೊಳವೆಯ ಹೂಗಳಿಗೂ ಈ ಪತಂಗಗಳಿಗೂ ಇರುವ ನಂಟು ಬಹಳ ಹಳೆಯದು. 1862ರಲ್ಲಿ ಚಾರ್ಲ್ಸ್ ಡಾರ್ವಿನ್ನನಿಗೆ ಮಡಗಾಸ್ಕರಿನ ಒಂದು ಬಿಳಿಯ ಆರ್ಕಿಡ್ ಹೂವು ಬಂದಿತು. ಅದರ ಮಕರಂದದ ನಾಳ ಸುಮಾರು 30 ಸೆಂಟಿಮೀಟರ್ ಉದ್ದ. ಅಷ್ಟೇ ಉದ್ದದ ಹೀರುಕೊಳವೆಯ ಪತಂಗವೊಂದು ಆ ದ್ವೀಪದಲ್ಲಿ ಇರಲೇಬೇಕೆಂದು ಅವನು ಹೇಳಿದಾಗ ನಂಬಿದವರು ಕಡಿಮೆ. 1903ರಲ್ಲಿ, ಡಾರ್ವಿನ್ ತೀರಿಕೊಂಡ ಎರಡು ದಶಕಗಳ ನಂತರ, ಅಂತಹ ಗಿಡುಗ ಪತಂಗವನ್ನು ವಿಜ್ಞಾನಿಗಳು ವಿವರಿಸಿದರು. ಹೂವನ್ನು ನೋಡಿ ಹುಳುವನ್ನು ಹೇಳಿದ ಮಾತು ಅದು. ನಮ್ಮಲ್ಲಿಯೂ ಪಪ್ಪಾಯಿಯಂತಹ ಗಿಡಗಳಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಕೆಲಸದಲ್ಲಿ ಗಿಡುಗ ಪತಂಗಗಳ ಪಾಲಿದೆ.

ವಿಷವನ್ನು ಉಂಡು ಬದುಕುವ ಬಗೆ

ಕಣಗಿಲೆಯ ಎಲೆ, ಕಾಂಡ, ಬೇರು, ಹೂವು ಎಲ್ಲವೂ ವಿಷಮಯ. ಅದರಲ್ಲಿರುವ ಓಲಿಯಾಂಡ್ರಿನ್ ಮುಂತಾದ ದ್ರವ್ಯಗಳು ಹೃದಯದ ಬಡಿತವನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲವು. ದನಕರುಗಳು ಕತ್ತರಿಸಿ ಎಸೆದ ಒಣ ಎಲೆ ತಿಂದು ಸತ್ತ ಉದಾಹರಣೆಗಳುಂಟು. ಹಾಗಿರುವಾಗ ಈ ಮೆತ್ತಗಿನ ಹುಳು ಅದನ್ನೇ ಉಂಡು ಬೆಳೆಯುವುದು ಹೇಗೆ? 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದಕ್ಕೆ ಸ್ವಲ್ಪ ಉತ್ತರ ಕೊಟ್ಟಿದೆ. ಹುಳುವಿನ ನರಗಳನ್ನು ಸುತ್ತಿರುವ ಪೊರೆಯೊಂದು ವಿಷವನ್ನು ಒಳಗೆ ಬಿಡದೆ ಕಾಯುತ್ತದೆ. ವಿಷ ದೇಹದಲ್ಲಿದ್ದರೂ ಮರ್ಮಸ್ಥಾನಕ್ಕೆ ಮುಟ್ಟುವುದಿಲ್ಲ.

ನಮ್ಮ ನಾಡಿನ ಗಿಡುಗ ಪತಂಗಗಳ ಮೊದಲ ದೊಡ್ಡ ಅಧ್ಯಯನಕ್ಕೆ ಕರ್ನಾಟಕದ ನೆಲದ ಋಣವಿದೆಯೆಂಬುದು ಹೆಮ್ಮೆಯ ಸಂಗತಿ. ಐರ್ಲೆಂಡಿನಲ್ಲಿ ಹುಟ್ಟಿ ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬುವರು ಉತ್ತರ ಕನ್ನಡದ ಕಾಡುಗಳಲ್ಲಿ ಹುಳುಗಳನ್ನು ಹುಡುಕಿ, ಸಾಕಿ, ಕೋಶ ಒಡೆದು ಪತಂಗವಾಗುವವರೆಗೆ ಕಾದು ಬರೆದಿಟ್ಟವರು. ಎಫ್. ಬಿ. ಸ್ಕಾಟ್ ಎಂಬುವರೊಡನೆ ಅವರು ರಚಿಸಿದ ಗ್ರಂಥ 1937ರಲ್ಲಿ ಪ್ರಕಟವಾಯಿತು. ನಿವೃತ್ತರಾದ ಮೇಲೂ ಕಾರವಾರವನ್ನು ಬಿಡದೆ ಅಲ್ಲಿಯೇ 1948ರಲ್ಲಿ ಕಣ್ಣುಮುಚ್ಚಿದರು.

ಪತಂಗವೆಂದರೆ ದೀಪಕ್ಕೆ ಬಿದ್ದು ಸಾಯುವುದೆಂಬುದು ನಮ್ಮ ಕಾವ್ಯಗಳಲ್ಲಿ ಹಳೆಯ ಉಪಮೆ. ಹೀಗೇಕೆ ಆಗುತ್ತದೆಂದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿವರಿಸಿದೆ. ರಾತ್ರಿಯ ಆಕಾಶ ನೆಲಕ್ಕಿಂತ ಬೆಳಕಾಗಿರುವುದರಿಂದ ಕೀಟಗಳು ಬೆಳಕಿನ ಕಡೆಗೆ ಬೆನ್ನು ತಿರುಗಿಸಿ ಮೇಲು ಕೆಳಗನ್ನು ಅರಿಯುತ್ತವೆ. ದೀಪದ ಬಳಿ ಬಂದಾಗ ದೀಪಕ್ಕೇ ಬೆನ್ನು ತಿರುಗಿಸಿ, ದಿಕ್ಕು ತಪ್ಪಿ, ಅದರ ಸುತ್ತಲೇ ಸಿಕ್ಕಿಬೀಳುತ್ತವೆ. ಆಸೆಯಲ್ಲ, ಭ್ರಮೆಯೇ ಅದರ ಕಾರಣ. ಆದರೆ ಪರೀಕ್ಷೆಗೆ ಒಳಪಟ್ಟ ಕೀಟಗಳಲ್ಲಿ ಈ ಭ್ರಮೆಗೆ ಒಳಗಾಗದೆ ದೀಪವನ್ನು ದಾಟಿ ನೇರವಾಗಿ ಹಾರಿಹೋದ ಕೆಲವೇ ಜೀವಿಗಳಲ್ಲಿ ನಮ್ಮ ಕಣಗಿಲೆ ಪತಂಗವೂ ಒಂದು. ಉಪಮೆಗೆ ಒಗ್ಗದ ಪತಂಗ!

ಹೂವಿಗೆ ಔಷಧಿ ಹೊಡೆಯಬೇಕೇ?

ಹೂಗಾರರ ತೋಟದ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಉಳಿದಿತ್ತು. ಆ ಭಾಗದಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೇಳುವುದು ರೂಢಿ. ಹಿರಿಯರು ಪಂಪಿಗೆ ನೀರು ತುಂಬಲು ಹೊರಟಾಗ ಅವರ ಸೊಸೆ ಬುಟ್ಟಿ ಹಿಡಿದು ಬಂದಳು. "ಮಾವಾರ, ನಾಳೆ ಸೋಮವಾರ. ಈ ಹೂವು ಲಿಂಗದ ಮ್ಯಾಲ ಏರತಾವು. ಎಣ್ಣಿ ಹೊಡದ ಹೂವು ಹೆಂಗ ಕೊಡೂದ್ರಿ?" ಎಂದಳು. ಹಿರಿಯರು ಉತ್ತರಿಸಲಿಲ್ಲ.

ಆ ಮಾತಿನ ಭಾರ ನಮಗೆ ಆಗ ತಿಳಿಯಿತು. ನಮ್ಮ ಪೂಜೆಯಲ್ಲಿ ಇಷ್ಟಲಿಂಗವಿರುವುದು ಅಂಗೈಯಲ್ಲಿ. ಹೂವು ಏರುವುದೂ ಅಲ್ಲಿಯೇ. ಪಾದೋದಕ ಪ್ರಸಾದಗಳನ್ನು ಸ್ವೀಕರಿಸುವುದೂ ಅದೇ ಕೈಯಿಂದ. ಏರಿಸಿದ ಹೂವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ಮಕ್ಕಳಿಗೆ ಕೊಡುತ್ತೇವೆ. ಮಾರುಕಟ್ಟೆಯ ಹೂವಿನಲ್ಲಿ ಏನಿದೆಯೋ ನಾವು ಕೇಳುವುದಿಲ್ಲ, ಅಂದವಾಗಿದ್ದರೆ ಸಾಕೆನ್ನುತ್ತೇವೆ. ಎಲೆ ಹರಿದ ಗಿಡದ ಹೂವನ್ನು ಬದಿಗಿಟ್ಟು, ಹುಳುವೇ ಮುಟ್ಟದ ಹೂವನ್ನು ಆರಿಸುವ ನಮ್ಮ ಕಣ್ಣೇ ರೈತನ ಕೈಗೆ ಆ ಪಂಪನ್ನು ಕೊಡುತ್ತದೆಯಲ್ಲವೇ?

ಸೊಸೆ ಕೈಗೆ ಒಂದು ಬಟ್ಟೆ ಸುತ್ತಿಕೊಂಡು ಕೊಂಬೆ ಕೊಂಬೆಯನ್ನು ನೋಡುತ್ತ ಹುಳುಗಳನ್ನು ಬಿಡಿಸಿ ಬುಟ್ಟಿಗೆ ಹಾಕತೊಡಗಿದಳು. ನಮ್ಮ ಮಕ್ಕಳೂ ಅಂಜಿಕೆ ಬಿಟ್ಟು, ಮುಟ್ಟದೆ, ಎಲ್ಲಿವೆಯೆಂದು ತೋರಿಸುತ್ತ ಅವಳ ಹಿಂದೆ ನಡೆದರು. ಇಡೀ ತೋಟದಲ್ಲಿ ಸಿಕ್ಕಿದವು ಹದಿನೇಳು. ತಾಯಿ ಪತಂಗ ಮೊಟ್ಟೆಗಳನ್ನು ಒಂದೊಂದಾಗಿ ಚದುರಿಸಿ ಇಡುವುದರಿಂದ ಇವುಗಳ ಸಂಖ್ಯೆ ಸಾಮಾನ್ಯವಾಗಿ ಕೈಗೆ ಮೀರುವುದಿಲ್ಲ. ಹಕ್ಕಿಗಳೂ, ಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಸಣ್ಣ ಕಣಜಗಳೂ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಎಲೆ ಕಳೆದುಕೊಂಡ ಕಣಗಿಲೆ ಮತ್ತೆ ಚಿಗುರುತ್ತದೆ, ಗಿಡ ಸಾಯುವುದಿಲ್ಲ. ಅವಳು ಬುಟ್ಟಿಯನ್ನು ಒಯ್ದು, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆದಿದ್ದ ಕಾಡು ಕಣಗಿಲೆಯ ಮೇಲೆ ಹುಳುಗಳನ್ನು ಬಿಟ್ಟು ಬಂದಳು. ಹಿರಿಯರು ಏನನ್ನೂ ಹೇಳದೆ ನಮಗೆ ಹೂವು ಅಳೆದು ಕೊಟ್ಟರು. ಪಂಪು ಆ ದಿನ ಗೋಡೆಗೆ ಒರಗಿಯೇ ಉಳಿಯಿತು.

ಮನೆಯಲ್ಲಿ ಕಣಗಿಲೆ ಬೆಳೆಸಿದವರು ಕೆಲವು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹೂ ಕೊಯ್ದ ಮೇಲೆ ಕೈಯನ್ನು ಚೆನ್ನಾಗಿ ತೊಳೆಯಬೇಕು. ಚಿಕ್ಕ ಮಕ್ಕಳು ಹೂವನ್ನಾಗಲಿ ಎಲೆಯನ್ನಾಗಲಿ ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಹಾಕಿದ್ದು ತಿಳಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು. ಸವರಿದ ಕೊಂಬೆಗಳನ್ನು ಕೊಟ್ಟಿಗೆಯ ಹತ್ತಿರ ಎಸೆಯಬಾರದು. ಅವುಗಳ ಹೊಗೆಯೂ ವಿಷವಾದುದರಿಂದ ಒಲೆಗೆ ಹಾಕಬಾರದು. ಮಳೆಗಾಲದಲ್ಲಿ ಕೊಂಬಿನ ಹುಳು ಕಂಡರೆ ಬೆದರಬೇಕಿಲ್ಲ. ಹಿತ್ತಲಿನ ಒಂದು ಗಿಡವನ್ನು ಅದಕ್ಕೆಂದು ಬಿಟ್ಟು, ಉಳಿದವುಗಳಿಂದ ಎತ್ತಿ ಅದರ ಮೇಲೆ ಇಟ್ಟರೆ ಸಾಕು. ಬುಡದ ತರಗೆಲೆಯನ್ನು ಕೆಲವು ವಾರ ಗುಡಿಸದೆ ಬಿಟ್ಟರೆ ಮಕ್ಕಳಿಗೆ ಕೋಶವೂ, ಅದೃಷ್ಟವಿದ್ದರೆ ಪತಂಗವೂ ಕಾಣಸಿಗುವುದು.

ಸಂಗಮದಲ್ಲಿ

ಐಹೊಳೆಯನ್ನು ನೋಡಿ ಕೂಡಲಸಂಗಮವನ್ನು ತಲುಪಿದಾಗ ಸಂಜೆಯಾಗಿತ್ತು. ಸಂಗಮೇಶ್ವರನ ದರ್ಶನ ಮಾಡಿ ಐಕ್ಯಮಂಟಪಕ್ಕೆ ಹೋದೆವು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಸುತ್ತಲೂ ನಿಂತಿದೆ. ಎತ್ತರದ ಗೋಡೆ ಕಟ್ಟಿ ಮಂಟಪವನ್ನು ರಕ್ಷಿಸಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗುತ್ತಿದ್ದಂತೆ ಹೊರಗಿನ ಸದ್ದು ಕಡಿಮೆಯಾಗಿ, ನೀರಿಗಿಂತ ಕೆಳಗೆ ನಿಂತು ಶರಣರನ್ನು ನೆನೆಯುವ ಅನುಭವ ಅಲ್ಲಿಗೆ ಹೋದವರಿಗೇ ಗೊತ್ತು. ಸಕಲ ಜೀವಿಗಳಲ್ಲಿಯೂ ಕರುಣೆಯಿರಬೇಕೆಂದು ಹನ್ನೆರಡನೆಯ ಶತಮಾನದಲ್ಲಿ ಸಾರಿದ ಮಹಾನುಭಾವರ ಸನ್ನಿಧಿಯಲ್ಲಿ, ಆ ಹಳ್ಳಿಯ ಸೊಸೆಯ ಬುಟ್ಟಿ ನೆನಪಿಗೆ ಬಂದುದು ಸಹಜವೇ. ಅವಳು ಉಪದೇಶ ಮಾಡಲಿಲ್ಲ. ಹೂವಿನ ಕಾಯಕ ಹೂವಿನಂತೆಯೇ ಇರಬೇಕೆಂದಷ್ಟೇ ನಡೆದುಕೊಂಡಳು.

ಅವಳ ಮನೆಯಿಂದ ತಂದ ಕಣಗಿಲೆಯನ್ನು ಮರುದಿನ ನಸುಕಿನಲ್ಲಿ ಸಂಗಮದ ದಂಡೆಯಲ್ಲಿ ಕುಳಿತು ಪೂಜೆಗೆ ಏರಿಸಿದೆವು. ಕೆಲವು ಹೂಗಳ ತೊಟ್ಟಿನ ಎಲೆಗಳಲ್ಲಿ ಅರ್ಧಚಂದ್ರಾಕಾರದ ಹರಿವುಗಳಿದ್ದವು. ಅವನ್ನು ಕಿತ್ತು ಹಾಕಬೇಕೆಂದು ಯಾರಿಗೂ ಅನ್ನಿಸಲಿಲ್ಲ.